ಕಾಲ್ಬೆರಳು ಸುಳ್ಳು ಹೇಳಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೋರೋಗ ಆಸ್ಪತ್ರೆಯ ಎರಡನೇ ಮಹಡಿಯ ಕೋಣೆಯಲ್ಲಿ ಚಪ್ಪಲಿ ಅಕ್ಕ ನೆಲ ಒರೆಸುತ್ತಿದ್ದಾರೆ. ಒಮ್ಮೆ ಬಟ್ಟೆಯಿಂದ, ಇನ್ನೊಮ್ಮೆ ಅಂಗೈಯಿಂದ. ಸಣ್ಣ ಕಲ್ಲಿನ ಚೂರಿದ್ದರೂ ಕಣ್ಣು ಕಾಣದೆ ನಡೆಯುವವರ ಪಾದಕ್ಕೆ ಅದೇ ಬಂಡೆ. ಆಮೇಲೆ ಮೇಜಿನ ಮೇಲಿನ ದಪ್ಪ ಕಪ್ಪು ಕನ್ನಡಕವನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸುತ್ತಾರೆ. ಅದನ್ನು ತೊಟ್ಟರೆ ಕೋಣೆ ಮಾಯವಾಗಿ, ರೋಗಿ ಯಾವುದಕ್ಕೆ ಹೆದರುತ್ತಾರೋ ಅದೇ ಎದುರಿಗೆ ಬರುತ್ತದೆ. ಎತ್ತರದ ಸೇತುವೆ, ಕಿಕ್ಕಿರಿದ ಲಿಫ್ಟು, ವಾಹನ ತುಂಬಿದ ರಸ್ತೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಎದುರಿಸಿ ಭಯ ಕಳೆದುಕೊಳ್ಳುವ ಚಿಕಿತ್ಸೆ ಇದು.

ಈ ಕೋಣೆಯ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಯಂತ್ರದ ಫೋಟೊ, ಯಂತ್ರ ತರಿಸಿದ ಆಡಳಿತಾಧಿಕಾರಿಯ ಫೋಟೊ, ರಿಬ್ಬನ್ ಕತ್ತರಿಸಿದ ಕತ್ತರಿಯ ಫೋಟೊ ಕೂಡ. ನಾಲ್ಕು ವರ್ಷದಿಂದ ರೋಗಿಗಳ ಕಾಲಬಳಿ ನೆಲದ ಮೇಲೆ ಕೂತಿರುವ ಈ ಹೆಂಗಸಿನದು ಒಂದೂ ಇಲ್ಲ. ಕತ್ತರಿಗಿರುವ ಭಾಗ್ಯ ಇವರಿಗಿಲ್ಲ.

ಬಂದವರಿಗೆಲ್ಲ ಇವರ ಮೊದಲ ಮಾತು "ಚಪ್ಪಲಿ ಬಿಟ್ಬನ್ನಿ". ಅದಕ್ಕೇ ಆ ಹೆಸರು. ಬೂಟಿಗೂ ಕಾಲುಚೀಲಕ್ಕೂ ರಿಯಾಯಿತಿಯಿಲ್ಲ. ದಿನಕ್ಕೆ ಒಂಬತ್ತು ಜನ, ಒಬ್ಬೊಬ್ಬರಿಗೆ ನಲವತ್ತು ನಿಮಿಷ. ನೆಲ ಒರೆಸುವುದು, ಎಡವಿದವರನ್ನು ಹಿಡಿಯುವುದು, ಇಷ್ಟೇ ಇವರಿಗೆ ಒಪ್ಪಿಸಿದ ಕೆಲಸ. ಕಾಲು ಓದುವ ಕೆಲಸವನ್ನು ಇವರೇ ಮೈಮೇಲೆ ಎಳೆದುಕೊಂಡದ್ದು. ಇಲ್ಲಿಗೆ ಬರುವ ಮೊದಲು ಹನ್ನೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದರು.

"ಅಲ್ಲೇ ಕಲ್ತಿದ್ದು. ನಂಗೇನೂ ಭಯ ಇಲ್ಲ ಅಂತ ಬಾಯಲ್ಲಿ ಹೇಳೋರು, ಕಾಲ್ಬೆರಳು ಮಾತ್ರ ಮಡಚ್ಕೊಂಡಿರೋದು. ಇಲ್ಲಂತೂ ಅರ್ಧ ಮುಖ ಕನ್ನಡಕದೊಳಗೆ. ಇನ್ನೇನು ನೋಡ್ಲಿ? ಕಾಲ್ಬೆರಳು ಸುಳ್ಳು ಹೇಳಲ್ಲ."

ಮನೆಯಲ್ಲಿ ತಂಗಿ ಇದನ್ನೇ ಇಟ್ಟುಕೊಂಡು ಛೇಡಿಸುತ್ತಾಳೆ. "ಎಲ್ರೂ ಮೇಲೆ ಬರೋಕೆ ಕಾಲು ಹಿಡೀತಾರೆ. ನಮ್ಮಕ್ಕ ಹಿಡಿದೂ ಹಿಡಿದೂ ನೆಲದ ಮೇಲೇ ಇದಾಳೆ." ಅಕ್ಕ ನಗುತ್ತಾರೆ. ಆದರೆ ಕೂತು ಎದ್ದು ಸವೆದ ಮಂಡಿಗೆ ನಗು ಬರುವುದಿಲ್ಲ.

ಕಳೆದ ವಾರ ನಡೆದದ್ದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಇಲ್ಲಿಗೆ ಬರುವವರಲ್ಲಿ ಒಬ್ಬ ಬಸ್ ಚಾಲಕರಿದ್ದಾರೆ. ಅವರ ಬಸ್ಸಿಗೆ ಅಡ್ಡ ಬಂದ ಸ್ಕೂಟರ್ ಸವಾರ ತೀರಿಕೊಂಡ ಮೇಲೆ, ಸ್ಟಿಯರಿಂಗ್ ಮುಟ್ಟಿದರೆ ಅವರ ಕೈ ನಡುಗುತ್ತದೆ. ಹತ್ತು ವಾರದಿಂದ ಈ ಕೋಣೆಯ ಕುರ್ಚಿಯಲ್ಲಿ ಕೂತು, ಕನ್ನಡಕದೊಳಗಿನ ರಸ್ತೆಯಲ್ಲಿ ಬಸ್ ಓಡಿಸುತ್ತಿದ್ದಾರೆ. ಪರದೆಯಲ್ಲಿ ನಾಡಿಬಡಿತ ಹಸಿರು ತೋರಿಸಿದ್ದೇ ತಡ, ಆಡಳಿತಾಧಿಕಾರಿಗೆ ಹಬ್ಬ. ದಾನಿಗಳೆದುರು ಈ ಚಾಲಕರನ್ನೇ ಕೂರಿಸಿ ತೋರಿಸುವುದು, ಗುಣವಾಗಿದೆ ಎಂಬ ಪ್ರಮಾಣಪತ್ರವನ್ನು ಅಲ್ಲೇ ಕೈಗಿಡುವುದು, ಮರುದಿನವೇ ಡ್ಯೂಟಿಗೆ ಕಳಿಸುವುದು ಎಂದು ತೀರ್ಮಾನವಾಯಿತು. ಅವರಿನ್ನೂ ಸಿದ್ಧರಾಗಿಲ್ಲ ಎಂದು ಅಕ್ಕ ಎರಡು ಸಲ ಹೇಳಿದರು. "ನೆಲ ಒರೆಸೋರ ಅಭಿಪ್ರಾಯ ಯಾರೂ ಕೇಳಿಲ್ಲ" ಎಂದು ಆಡಳಿತಾಧಿಕಾರಿಯಿಂದ ಉತ್ತರ ಬಂತು.

ದಾನಿಗಳು ಬಂದರು. ಕನ್ನಡಕದೊಳಗಿನ ರಸ್ತೆಯಲ್ಲಿ ಸ್ಕೂಟರೊಂದು ಅಡ್ಡ ತಿರುಗಿತು. ನಾಡಿ ಹಸಿರೇ, ತುಟಿಯಲ್ಲಿ ನಗುವೇ. ಕೆಳಗೆ ಬಲಗಾಲು ಮಾತ್ರ ಇಲ್ಲದ ಬ್ರೇಕನ್ನು ತುಳಿದೂ ತುಳಿದೂ ಬಿಳಿಚಿಕೊಂಡಿತ್ತು. ಎಡಗಾಲಿನ ಬೆರಳುಗಳು ನೆಲ ಕಚ್ಚಿದ್ದವು. ಅಕ್ಕ ಎದ್ದು ನಿಂತು ಕೂಗಿದರು, "ನಿಲ್ಸಿ!"

ಚಾಲಕರು ಕನ್ನಡಕ ಕಳಚಿದರು. ಹಣೆಯ ತುಂಬ ಬೆವರು. "ಅಕ್ಕ ಹೇಳಿದ್ದು ನಿಜ ಸಾರ್. ಎಲ್ರೂ ಅಷ್ಟೊಂದು ಆಸೆ ಇಟ್ಕೊಂಡಿದ್ರಲ್ಲ, ನಡುಕ, ಎದೆಬಡಿತ ಕಾಣ್ಬಾರ್ದು ಅಂತ ಬೆಳಿಗ್ಗೆ ಮಾತ್ರೆ ನುಂಗ್ಬಂದಿದ್ದೆ." ಚಿಕಿತ್ಸೆ ನೋಡಿಕೊಳ್ಳುವ ವೈದ್ಯೆ, ತಾವೇ ಸಹಿ ಹಾಕಿದ್ದ ಪ್ರಮಾಣಪತ್ರವನ್ನು ಎಲ್ಲರೆದುರೇ ಹರಿದರು. ಅವರಿಗಾದರೂ ತಡವಾಗಿ ನಾಚಿಕೆಯಾಯಿತು.

ಅಕ್ಕನಿಗೆ ಸಿಕ್ಕಿದ್ದು? ನೋಟಿಸು. ಕಾರ್ಯಕ್ರಮ ಕೆಡಿಸಿದ್ದಕ್ಕೆ ಏಳು ದಿನದೊಳಗೆ ಬರವಣಿಗೆಯಲ್ಲಿ ಕ್ಷಮೆ ಕೇಳಬೇಕು, ಇಲ್ಲದಿದ್ದರೆ ಕೆಲಸದಿಂದ ವಜಾ. ನಲವತ್ತೈದು ಜನ ಕೂರುವ ಬಸ್ಸಿಗೆ ನಡುಗುವ ಚಾಲಕರನ್ನು ಹತ್ತಿಸಲು ಹೊರಟವರಿಗೆ ನೋಟಿಸಿಲ್ಲ, ಗದರಿಕೆಯೂ ಇಲ್ಲ. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಬಿದ್ದ ಎನ್ನುತ್ತಾರೆ. ಈಕೆ ಸಿಪ್ಪೆಯನ್ನೂ ಮುಟ್ಟಿದವರಲ್ಲ.

"ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡ್ತಾರಲ್ಲ," ಎನ್ನುವಾಗ ಅವರ ಕೈಯ ಹತ್ತಿ ಹಿಂಡಿ ಹಿಪ್ಪೆಯಾಗುತ್ತದೆ. "ಅವರ ಮನೆಯೋರು ಆ ಬಸ್ ಹತ್ತಲ್ವಲ್ಲ, ಅದಕ್ಕೆ."

ಇಂದು ಏಳನೇ ದಿನ. ದಿನದ ಮೊದಲ ರೋಗಿ ಅದೇ ಚಾಲಕರು. ಹೇಳುವ ಮೊದಲೇ ಬೂಟು ಬಿಚ್ಚಿ ಬಾಗಿಲ ಬಳಿ ಇಡುತ್ತಾರೆ. ನಲವತ್ತು ನಿಮಿಷದ ಬಳಿಕ ಕೇಳುತ್ತಾರೆ, "ಹೇಗಿದೆ ಅಕ್ಕಾ?"

"ಎಡಗಾಲು ಬಿಗಿ ಬಿಟ್ಟಿದೆ. ಬಲಗಾಲು ಇನ್ನೂ ಹಟ ಮಾಡ್ತಿದೆ. ಅದೂ ದಾರಿಗೆ ಬರುತ್ತೆ ಬಿಡಣ್ಣ, ಅವಸರ ಬೇಡ."

ಅವರು ಹೋದ ಮೇಲೆ ಅಕ್ಕ ಸಮವಸ್ತ್ರದ ಜೇಬಿನಿಂದ ಮಡಿಚಿದ ಹಾಳೆ ತೆಗೆಯುತ್ತಾರೆ. ತಂಗಿ ಮುದ್ದಾದ ಅಕ್ಷರದಲ್ಲಿ 'ತಪ್ಪಾಯಿತು, ಕ್ಷಮಿಸಿ' ಎಂದು ಬರೆದುಕೊಟ್ಟಿದ್ದಾಳೆ. ಸಹಿ ಹಾಕಿದರೆ ಕೆಲಸ ಉಳಿಯುತ್ತದೆ. ಅಕ್ಕ ಹಾಳೆ ಮಗುಚಿ, ಗೋಡೆಗಾನಿಸಿಕೊಂಡು, ತಮ್ಮ ಗುಂಡಗಿನ ಅಕ್ಷರದಲ್ಲಿ ತಾವೇ ಬರೆಯುತ್ತಾರೆ.

"ಕಾಲು ನೋಡಿದೆ, ಕೂಗಿದೆ. ನಾಳೆ ಕಂಡರೆ ನಾಳೆಯೂ ಕೂಗುತ್ತೇನೆ. ಮಂಡಿ ನೋವಿದೆ, ಕೂರಲು ಒಂದು ಮಣೆ ಕೊಡಿಸಿ."