ರಾಘುವಿನ ಊದಿದ ಗಲ್ಲ

ಎಕ್ಕಂಬಿಯ ರಾಘು ಬಾಡಿಗೆ ಟೆಂಪೊ ಓಡಿಸುತ್ತಿದ್ದ. ಅವನ ಎಡಗಲ್ಲದಲ್ಲಿ ಕವಳವಿಲ್ಲದ ಹೊತ್ತನ್ನು ಕಂಡವರೇ ಇಲ್ಲ. ಎಲೆ, ಅಡಿಕೆ, ಸುಣ್ಣ, ತಂಬಾಕಿನ ಆ ಉಂಡೆಯನ್ನು ಒಂದು ಬದಿಗೆ ಒತ್ತಿಕೊಂಡು ಶಿರಸಿಯವರೆಗೂ ಹರಟುತ್ತಲೇ ಬರುತ್ತಿದ್ದ. ಬಸುರಿಯರನ್ನು ಆಸ್ಪತ್ರೆಗೆ ಮುಟ್ಟಿಸಿದಾಗ ಮಾತ್ರ ಬಾಡಿಗೆ ಕೇಳಲು ಅವನಿಗೆ ನಾಲಿಗೆಯೇ ಏಳುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ದವಡೆಹಲ್ಲು ನೋಯತೊಡಗಿತು. ನೋವು ಮರೆಯಲೆಂದು ತಂಬಾಕನ್ನು ಹೆಚ್ಚಿಸಿ ಹಲ್ಲಿನ ಬುಡಕ್ಕೇ ಒತ್ತಿಕೊಂಡ. ಗಲ್ಲ ಊದಿತು, ಕಂಡವರೆಲ್ಲ ಕವಳವೆಂದೇ ತಿಳಿದರು.

"ಇಡೀ ಕಟ್ಟು ಎಲೆ ಬಾಯಿಗೇ ಹಾಕ್ಕಂಡ್ಯನಾ ರಾಘು?" ಎಂದು ನೆರೆಮನೆಯ ಗಿರಿಜವ್ವ ನಕ್ಕಳು.

ಅವನೂ ನಗಲು ನೋಡಿದ, ದವಡೆ ಅಲುಗಲಿಲ್ಲ. ಸಂಜೆ ಹೆಂಡತಿ ನೇತ್ರಾ ಗಂಜಿ ಬಡಿಸಿ, ಕವಳ ಉಗುಳಿ ಬನ್ನಿ ಎಂದಳು. ಉಗುಳಲು ಬಾಯಲ್ಲಿ ಏನೂ ಇಲ್ಲವೆಂದು ಅವನು ಕೈಸನ್ನೆ ಮಾಡಿದಾಗಲೇ ಅದು ಊತವೆಂದು ಅವಳಿಗೆ ತಿಳಿದದ್ದು.

ಶಿರಸಿಯ ಹಲ್ಲಿನ ವೈದ್ಯರು ಬೆರಳೂ ತೂರದ ಆ ಬಾಯನ್ನು ನೋಡಿ ಹುಬ್ಬಳ್ಳಿಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ಅಂಗಾತ ಮಲಗಿದ ರಾಘು, ತಿರುವುಗಳ ಗುರುತಿನಿಂದಲೇ ತನ್ನೂರು ಹಿಂದೆ ಸರಿದದ್ದನ್ನು ಅರಿತ. ಎದ್ದು ನೋಡುವಂತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿದ ವೈದ್ಯರು ಹಲ್ಲಿನ ಮಾತು ಬಿಟ್ಟು ಎದೆಯ ಮಾತು ತೆಗೆದರು. ಹಲ್ಲಿನ ಬುಡದ ಕೀವು ಕುತ್ತಿಗೆಯೊಳಗಿಂದ ಇಳಿದು ಹೃದಯದ ಪಕ್ಕದವರೆಗೆ ಹೋಗಿತ್ತು. ಶ್ವಾಸಕೋಶದಲ್ಲೂ ಒಂದು ಕಡೆ ಕೀವುಗಟ್ಟಿತ್ತು. ಎದೆ ಹಿಡಿದಂತಾಗುತ್ತಿದ್ದುದನ್ನು ರಾಘು ಗ್ಯಾಸೆಂದುಕೊಂಡಿದ್ದ. ಕುತ್ತಿಗೆ, ಎದೆ ಎರಡನ್ನೂ ತೆರೆದು ಕೀವು ತೆಗೆಯಬೇಕು, ಉಸಿರಿಗಾಗಿ ಗಂಟಲಲ್ಲಿ ತೂತು ಮಾಡಿ ನಳಿಕೆ ಇಡಬೇಕು, ತಡವಾದರೆ ಜೀವ ಉಳಿಯುವುದಿಲ್ಲ ಎಂದರು.

"ಹಲ್ಲು ತೆಗ್ಸೂಕೆ ಬಂದದ್ದು ನಾನು," ರಾಘು ಹಲ್ಲುಕಚ್ಚಿದ ಬಾಯೊಳಗಿಂದಲೇ ಅಂದ. "ಎದೆ ಕೊಯ್ಸೂಕಲ್ಲ. ಮನಿಗೆ ಹೋಪ."

"ಬಾಯಿ ಕಟ್ಟಿ ಆಯ್ತು. ಉಸ್ರೂ ಕಟ್ಟೂವರಿಗೆ ಕಾಯೂದಾ?" ಎಂದಳು ನೇತ್ರಾ.

ಅವನು ಕಣ್ಣು ಮುಚ್ಚಿದ. ಅದನ್ನೇ ಅವಳು ಒಪ್ಪಿಗೆಯೆಂದುಕೊಂಡಳು.

ಆಪರೇಶನ್ ಮುಗಿದು ಎಚ್ಚರವಾದಾಗ ರಾಘುವಿಗೆ ದನಿಯಿರಲಿಲ್ಲ. ಎದೆಯಿಂದ ಕೊಳವೆಗಳು ಇಳಿಬಿದ್ದಿದ್ದವು, ಎರಡೂ ಕೈಗಳನ್ನು ಮಂಚದ ಸರಳಿಗೆ ಕಟ್ಟಿದ್ದರು. ಮಂಪರಿನಲ್ಲಿ ಗಂಟಲ ನಳಿಕೆ ಕೀಳಲು ಹೋಗಿದ್ದನೆಂದು ನರ್ಸ್ ದಿವ್ಯಾ ಹೇಳಿದಳು. ಶ್ವಾಸಕೋಶದ ಕೀವು ಆರುವವರೆಗೆ ಮಂಚ ಬಿಡುವಂತಿರಲಿಲ್ಲ. ರಾಘು ಸರಳನ್ನು ಗಡಗಡ ಅಲುಗಿಸಿದ. ತಾನು ಪಕ್ಕದಲ್ಲೇ ಇರುತ್ತೇನೆ, ಒಂದು ಕೈಯನ್ನಾದರೂ ಬಿಡಿಸಿ ಎಂದು ನೇತ್ರಾ ಬೇಡಿದಳು. ದಿವ್ಯಾ ಅಳುಕುತ್ತಲೇ ಬಿಡಿಸಿದಳು.

ಕೈ ನೆಟ್ಟಗೆ ಗಂಟಲಿಗೆ ಹೋಯಿತು. ನೇತ್ರಾ ತಡೆಯಲಿಲ್ಲ. ನಳಿಕೆಯ ಬಾಯಿಗೆ ಬೆರಳು ತಾಗಿದಾಗ ಅಲ್ಲಿಂದ ಬಿಸಿ ಗಾಳಿ ಬಂತು, ನಿಂತಿತು, ಮತ್ತೆ ಬಂತು. ತನ್ನದೇ ಉಸಿರು. ರಾಘು ಬಹಳ ಹೊತ್ತು ಅದನ್ನು ಮುಟ್ಟಿ ನೋಡಿದ. ಆಮೇಲೆ ಕೈಯನ್ನು ಸರಳಿನ ಪಕ್ಕಕ್ಕೆ ತಾನೇ ತಂದು ಇಟ್ಟ.