ಅವ್ವನ ಖಾಲಿ ಬ್ಯಾರಲ್ಲು

ಬೆಟಗೇರಿಯ ನಮ್ಮ ಓಣಿಯಲ್ಲಿ ಎರಡು ಚಕ್ಕಡಿ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ಪಕ್ಕದ ದೊಡ್ಡ ರಸ್ತೆಯನ್ನು ಪೈಪು ಹಾಕಲು ಅಗೆದಾಗ ಊರಿನ ಬೈಕು, ಟಂಟಂ ಆಟೋಗಳಿಗೆಲ್ಲ ನಮ್ಮ ಓಣಿಯೇ ಒಳದಾರಿಯಾಯಿತು. ಆಮೇಲೆ ದೊಡ್ಡ ರಸ್ತೆಗೆ ಡಾಂಬರು ಬಿದ್ದರೂ ಅವರು ನಮ್ಮನ್ನು ಬಿಡಲಿಲ್ಲ. ರುಚಿ ಹತ್ತಿತ್ತು.

ಕಷ್ಟಕ್ಕೆ ಬಿದ್ದವಳು ಅವ್ವ. ಎದುರುಮನೆಯ ಮುದುಕಿ ಆಕೆಯ ಗೆಳತಿ. ಸಂಜೆ ಆ ಮನೆಯ ಕಟ್ಟೆಯ ಮೇಲೆ ಕೂತು ಮಾತಾಡದಿದ್ದರೆ ಅವ್ವನಿಗೆ ತಿಂದ ರೊಟ್ಟಿ ಮೈಗೆ ಹತ್ತುವುದಿಲ್ಲ. ಮೊಣಕಾಲು ನೋವಿನ ಆಕೆಗೆ ರಸ್ತೆ ದಾಟಲು ಹೊತ್ತು ಬೇಕು; ಬೈಕಿನವರಿಗೆ ಪುರುಸೊತ್ತಿಲ್ಲ. ಒಮ್ಮೆ ಒಂದು ಬೈಕಿನ ಹ್ಯಾಂಡಲ್ಲು ಸೆರಗಿಗೆ ಸಿಕ್ಕಿ, ಅವ್ವ ಗರ್ರನೆ ತಿರುಗಿ ರಸ್ತೆಯಲ್ಲೇ ಕುಸಿದು ಕೂತಳು. ಅಂದಿನಿಂದ ನಮ್ಮ ಹೊಸ್ತಿಲ ಮೇಲೆ ಕೂತೇ ಎದುರುಮನೆಗೆ ಕೂಗಿ ಮಾತಾಡತೊಡಗಿದಳು. ಹಾರ್ನಿನ ಗದ್ದಲದಲ್ಲಿ ಅರ್ಧ ಮಾತು ಆಚೆ ಮುಟ್ಟುತ್ತಿರಲಿಲ್ಲ. ಕೆಲವು ದಿನಗಳಲ್ಲಿ ಕೂಗುವುದನ್ನೂ ಬಿಟ್ಟಳು.

ನಾನು ಓದಿದವನಲ್ಲವೇ, ರಸ್ತೆಗೆ ಹಂಪ್ ಹಾಕಿಸಿ ಎಂದು ನಗರಸಭೆಗೆ ಅರ್ಜಿ ಕೊಟ್ಟೆ. "ಹಂಗ ಹಾಕಾಕ ಬರಂಗಿಲ್ರಿ ಸರ. ಎಷ್ಟು ಗಾಡಿ ಅಡ್ಡಾಡ್ತಾವು, ಎಷ್ಟು ಜೋರು ಹೊಕ್ಕಾವು ಅಂತ ಮೊದಲು ನೋಡಬೇಕ್ರಿ" ಎಂದರು. ತಪ್ಪಲ್ಲ ಬಿಡಿ; ಹಂಪ್ ಎಲ್ಲರಿಗೂ ಬೇಕು, ಅವರವರ ಮನೆಯ ಮುಂದೆ. ನೋಡಲು ಇಬ್ಬರು ಬಂದರು. ಒಳ್ಳೆಯ ದಿನವನ್ನೇ ಆರಿಸಿ ಬಂದರು: ಅಂದು ನಳದಲ್ಲಿ ನೀರು ಬಂದಿತ್ತು.

ನಮ್ಮಲ್ಲಿ ನೀರು ದಿನಾ ಬರುವುದಿಲ್ಲ. ಒಂದು ವಾರವೋ ಹೆಚ್ಚೋ ಕಾಯಿಸಿ ಬರುತ್ತದೆ. ಬಂದಾಗ ಓಣಿ ತುಂಬ ಬ್ಯಾರಲ್ಲು, ಕೊಡ, ಪೈಪು, ಜಗಳ. ಸೈಕಲ್ಲೂ ತೂರಲಾರದು. ಬಂದವರು ವೇಗ ಅಳೆಯುವ ಯಂತ್ರ ಹಿಡಿದು ಬೇವಿನ ನೆರಳಲ್ಲಿ ನಿಂತರು, ನಾವು ಕೊಟ್ಟ ಚಹಾ ಕುಡಿದರು, "ಭಾಳ ಶಾಂತ ಓಣಿ ಐತ್ರಿ ನಿಮ್ಮದು" ಎಂದು ಹೊಗಳಿದರು. ನಾಳೆ ಬಂದು ನೋಡಿ ಎಂದು ಗೋಗರೆದೆ. "ನೋಡಿದ್ದನ್ನ ನೋಡಿದಂಗ ಬರಿಯೂದ್ರಿ ನಮ್ಮ ಕೆಲಸ" ಎಂದು ಹೋದರು. ನಾನು ಹಲ್ಲು ಕಡಿದೆ. ಅವ್ವ ಮಾತ್ರ ಓಣಿಯನ್ನೇ ನೋಡುತ್ತ ಕೂತಿದ್ದಳು.

ಮರುದಿನ ಮುಂಡರಗಿಯಲ್ಲಿ ಕೆಲಸ ಮುಗಿಸಿ, ಬಸ್ಸಿಳಿದು ಮನೆಗೆ ಬಂದರೆ ಓಣಿಯ ನಡುವೆ ನಮ್ಮ ನೀಲಿ ಬ್ಯಾರಲ್ಲು, ಅದರ ಬಾಯಿಗೊಂದು ಪೈಪು. ಒಳಗೆ ಹನಿ ನೀರಿಲ್ಲ. ಒಬ್ಬ ಬೈಕಿನವ ಬ್ರೇಕು ಹಿಡಿದು, ಕಾಲೂರಿ ಕೇಳುತ್ತಿದ್ದ.

"ಯವ್ವಾ, ನೀರು ಬಂತೇನು?"

"ಬರೋ ಹೊತ್ತಾತಪ್ಪಾ" ಎನ್ನುತ್ತ ಅವ್ವ ಅವನ ಮುಂದೆಯೇ ರಸ್ತೆ ದಾಟಿದಳು. ಅವನು ಗಾಡಿ ತಿರುಗಿಸಿ, ಮನೆಯವರಿಗೆ ಸುದ್ದಿ ಮುಟ್ಟಿಸಲು ಬೇರೆ ಯಾರದೋ ಓಣಿಯಲ್ಲಿ ಹಾರಿಸಿಕೊಂಡು ಹೋದ.

ಇದೇ ದಿನಚರಿಯಾಯಿತು. ಮುದುಕಿಗೆ ನಿಲ್ಲದವರು ನೀರಿಗೆ ನಿಲ್ಲುತ್ತಿದ್ದರು. ಅವ್ವನ ಮುಖದಲ್ಲಿ ಕಳೆ ಬಂತು. ಒಂದು ಸಂಜೆ ನೀರು ನಿಜವಾಗಿಯೇ ಬಂತು. ಯಾರೋ ಕೂಗಿ ಹೇಳಿದರು. ಓಣಿಯವರು ಇಣುಕಿ, ಅವ್ವನ ಬ್ಯಾರಲ್ಲು ಕಂಡು, "ಅದು ದಿನಾ ಇದ್ದದ್ದ ಬಿಡ್ರಿ" ಎಂದು ಟೀವಿ ಮುಂದೆ ಕೂತರು. ನಮ್ಮ ಬ್ಯಾರಲ್ಲಿಗೂ ಹನಿ ಬೀಳಲಿಲ್ಲ. ಅವ್ವ ಮಾತಿನಲ್ಲಿದ್ದಳು.

ಬೆಳಿಗ್ಗೆ ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ಎದುರುಮನೆಯ ಗೆಳತಿಯ ಮಗ. "ಚಿಗವ್ವಾ, ನಿನ್ನ ಸುಳ್ಳಿಗೆ ಓಣಿ ಮಂದಿ ಎಲ್ಲಾ ಜಳಕಾ ಇಲ್ಲದ ಕುಂಡ್ರಬೇಕೇನು?"

"ನೀರು ಮುಂದಿನ ವಾರ ಮತ್ತ ಬಿಡ್ತಾರಪ್ಪಾ. ನನ್ನ ಕಾಲು ಮುರದರ ಅದನ್ನ ಯಾವ ನಳದಾಗ ಬಿಡ್ತಾರ?" ಎಂದಳು ಅವ್ವ. ಆದರೆ ದನಿ ಸಣ್ಣದಾಗಿತ್ತು. ಅಂದು ಸಂಜೆ ಬ್ಯಾರಲ್ಲು ಹೊರಗೆ ಬರಲಿಲ್ಲ. ಬೈಕುಗಳು ಹಳೆಯ ಹುರುಪಿನಲ್ಲಿ ಹಾದುಹೋದವು. ಅವ್ವ ಹೊಸ್ತಿಲ ಮೇಲೆ, ಗೆಳತಿ ಕಟ್ಟೆಯ ಮೇಲೆ ಉಳಿದರು.

ಆಗ ಎದುರುಮನೆಯ ಬಾಗಿಲಿನಿಂದ ಗಡಗಡ ಸದ್ದು ಕೇಳಿತು. ಬೆಳಿಗ್ಗೆ ಕೂಗಾಡಿದ್ದ ಆ ಮಗನೇ ತಮ್ಮ ಬ್ಯಾರಲ್ಲು ಉರುಳಿಸುತ್ತ ಬಂದು ಓಣಿಯ ನಡುವೆ ನಿಲ್ಲಿಸಿದ. ಒಂದು ಟಂಟಂ ನಿಂತಿತು.

"ನೀರು ಬಂತೇನ್ರಿ?"

ಅವನು ಒಮ್ಮೆ ತನ್ನ ತಾಯಿಯ ಕಡೆ ನೋಡಿದ. "ಈಗ ಬರತೈತ್ರಿ" ಎಂದ. "ಸಾವಕಾಶ ಹೋಗ್ರಿ."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.