ದಿಕ್ಸೂಚಿ ಆರಿಸಿದವನು ನಾನು

ಏಳನೇ ಇಯತ್ತೆಯಲ್ಲಿ ಎರಡು ಸಲ ನಪಾಸಾದ ನಾನು ಒಮ್ಮೆ ಪರೀಕ್ಷೆ ತಗೊಂಡಿದ್ದೇನೆ, ಅದೂ ನಮ್ಮ ಮಾಸ್ತರರ ಎದುರಿಗೇ! ನವಲಗುಂದದ ನಮ್ಮ ಸಾಲಿ ಹುಡುಗರನ್ನು ಕಲಘಟಗಿ ಅಡವಿಯಲ್ಲಿ ನಡೆಸಲು ಅವರಿಗೆ ದಿಕ್ಸೂಚಿ ಬೇಕಿತ್ತು. ಚೀಲ ಹೊರಲಿಕ್ಕೆ ನನ್ನನ್ನು ಹುಬ್ಬಳ್ಳಿ ಅಂಗಡಿಗೆ ಕರೆದೊಯ್ದರು. ಅಡವಿಗೆ ಮಾತ್ರ "ನಿನ್ನಂಥಾ ಮಂಗ್ಯಾನ್ನ ಒಯ್ಯೂದಿಲ್ಲ" ಅಂದಿದ್ದರು.

ಅಂಗಡಿಕಾರ ಹೊಳೆಯುವ ಹಿತ್ತಾಳೆಯದೊಂದನ್ನು ಮುಂದಿಟ್ಟ. "ಅಗದಿ ಚೊಲೋ ಮಾಲ್ ಐತ್ರಿ ಸರ."

ನಾನು ಕಿಸೆಯಿಂದ ಕೆಟ್ಟ ರೇಡಿಯೋದ ಅಯಸ್ಕಾಂತ ತೆಗೆದೆ. ಬಡಿಗೇರ ಕಾಕಾನ ಮೊಳೆ ಹಾರಿಸಲು ಇಟ್ಟುಕೊಂಡದ್ದು.

"ಏನ್ ಮಾಡಾಕತ್ತೀಯಲೇ?" ಅಂದರು ಮಾಸ್ತರು.

"ಪರೀಕ್ಷಾ ತಗೋತೀನ್ರಿ ಸರ."

ಅಯಸ್ಕಾಂತ ಹತ್ತಿರ ತಂದು ಮುಳ್ಳು ತಿರುಗಿಸಿ, ದೂರ ಸರಿಸಿದೆ. ಹಿತ್ತಾಳೆಯದರ ಮುಳ್ಳು ಸಲಕ್ಕೊಂದು ಕಡೆ ನಿಂತಿತು. ಮೂಲೆಯಲ್ಲಿ ಧೂಳು ಹಿಡಿದಿದ್ದ ಕರೀ ಡಬ್ಬಿಯದು ಐದು ಸಲವೂ ಅದೇ ಜಾಗಕ್ಕೆ ಬಂತು.

"ಅದು ನಪಾಸ್ರಿ, ಇದು ಪಾಸ್ರಿ."

ಮಾಸ್ತರು ಕರಿಯದನ್ನೇ ಕೊಂಡು ನನ್ನ ಕೈಗಿಟ್ಟರು. "ಅಡವ್ಯಾಗ ಎಲ್ಲಾರ್ಕಿಂತ ಮುಂದ ನೀನ ನಡೀಬೇಕು ನೋಡಲೇ."

ಅಡವಿಗೆ ಹೋದ ದಿನ ಎಲ್ಲರ ಮುಂದೆ ಎದೆ ಉಬ್ಬಿಸಿ ನಡೆದೆ. ಅರ್ಧ ತಾಸಿನಲ್ಲಿ, ಆಗಲೇ ದಾಟಿದ್ದ ಹಳ್ಳ ಮತ್ತೆ ಎದುರಾಯಿತು. ಎತ್ತ ತಿರುಗಿದರೂ ಮುಳ್ಳು ನನ್ನ ಎದೆಯನ್ನೇ ತೋರಿಸುತ್ತಿತ್ತು.

"ಉತ್ತರ ಎಲ್ಲೈತಿಲೇ?" ಮಾಸ್ತರು ಗದರಿದರು.

ಅಂಗಿಯ ಕಿಸೆ ಮುಟ್ಟಿ ನೋಡಿಕೊಂಡೆ. ಅಯಸ್ಕಾಂತ ಅಲ್ಲೇ ಕೂತಿತ್ತು.

"ನನ್ನ ಕಿಸೇದಾಗ ಐತ್ರಿ ಸರ."

ಹುಡುಗರು ಬಿದ್ದು ಬಿದ್ದು ನಕ್ಕರು. ಮಾಸ್ತರು ಅಯಸ್ಕಾಂತ ಕಸಿದು ಹಳ್ಳಕ್ಕೆ ಒಗೆದರು. ಮುಳ್ಳು ಗಿರ್ರನೆ ತಿರುಗಿ ತನ್ನ ಜಾಗಕ್ಕೆ ಬಂದು ನಿಂತಿತು. ಆರನೇ ಸಲವೂ ಪಾಸು! ಆರಿಸಿದವನು ನಾನಲ್ಲವೇ?